ಮಿಂಚಣ್ಣನ ಮೂರನೆಯ ಭಾಗ

ಮಿಂಚಣ್ಣನ ಮೂರನೆಯ ಭಾಗ ಕೆಟ್ಟಿರಲಿಲ್ಲ. ಕೆಡಿಸಿದವಳು ನಾನು. ಆ ತಪ್ಪನ್ನು ಚಿಗಟೇರಿಯ ದುರುಗಪ್ಪನವರ ತಲೆಗೆ ಕಟ್ಟಿದವಳೂ ನಾನೇ — ಕಟ್ಟಿ, ಎಂಟು ವರ್ಷ ಬಾಯಿಬಿಡದೆ ಕೂತವಳೂ.

ಮಿಂಚಣ್ಣ ಎಂದರೆ ಒಂದು ಇಂಗ್ಲಿಷ್ ಕಾರ್ಟೂನಿನ ಹಾರುವ ವೀರ. ಆ ಹೆಸರಿಟ್ಟದ್ದು ದುರುಗಪ್ಪನವರು. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಗಂಡ ಕೊಟ್ಟೂರಿನಲ್ಲಿ ಕೇಬಲ್ ನಡೆಸುತ್ತಿದ್ದರು. ಬಳ್ಳಾರಿಯಿಂದ ಕ್ಯಾಸೆಟ್ ತರಿಸಿ, ದಿನಕ್ಕೊಂದು ಕಂತಿನಂತೆ ಸಂಜೆ ಐದೂವರೆಗೆ ನಮ್ಮದೇ ಚಾನೆಲಿನಲ್ಲಿ ಹಾಕುತ್ತಿದ್ದೆವು. ಇಂಗ್ಲಿಷ್ ದನಿ ತಗ್ಗಿಸಿದರೆ, ಅದರ ಮೇಲೆ ದುರುಗಪ್ಪನವರು ಮೈಕು ಹಿಡಿದು ಕನ್ನಡ ಹೇಳುತ್ತಿದ್ದರು. ಅವರು ದೊಡ್ಡಾಟದಲ್ಲಿ ರಾಕ್ಷಸನ ಪಾತ್ರ ಮಾಡುವವರು. ಓದು ಬರಹ ಬಾರದು. ತಾಲೀಮಿನಲ್ಲಿ ಮಾಸ್ತರರು ಹೇಳಿದ್ದನ್ನು ಕಿವಿಯಲ್ಲೇ ಹಿಡಿದು ಕಲಿತವರು. ನಮ್ಮಲ್ಲಿ ಮಾಸ್ತರಿಕೆ ನನ್ನದು. ಮಧ್ಯಾಹ್ನ ಕ್ಯಾಸೆಟ್ ನೋಡುತ್ತ ನಾನು ಅರ್ಥ ಹೇಳಿದರೆ, ಸಂಜೆ ಅವರು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದರು.

ಎರಡು ಭಾಗಗಳನ್ನು ಊರೆಲ್ಲ ಮೆಚ್ಚಿತು. ಮೂರನೆಯದರಲ್ಲಿ ಹೊಡೆದಾಟ ಕಡಿಮೆ, ಮಾತು ಜಾಸ್ತಿ — ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನಬಹುದಿತ್ತು. ಆದರೆ ಇಂಗ್ಲಿಷ್ ಬಲ್ಲ ಸೊಸೆ ಎಂದು ಅತ್ತೆ ಹರಪನಹಳ್ಳಿಯ ತನಕ ಡಂಗುರ ಸಾರಿದ್ದರು. ನಾನಂತೂ ಅನುಮಾನದ ಪಿಶಾಚಿ. ಯಾರು ನಕ್ಕರೂ ನನ್ನನ್ನು ನೋಡಿಯೇ ನಕ್ಕರು ಎನ್ನುವವಳು. ಊಹಿಸಿ ಹೇಳಿಬಿಟ್ಟೆ. ಮಿಂಚಣ್ಣನ ಗೆಳೆಯ ಮುಸುಕು ಹಾಕಿಕೊಂಡು ವೈರಿಯ ಕೋಟೆಗೆ ಹೋಗುತ್ತಾನೆ. ಇವನು ಮೋಸಗಾರ, ವೈರಿಯ ಕಡೆ ಸೇರಿದ — ಹೀಗೆ ಕಥೆ ಕಟ್ಟಿದೆ.

ದುರುಗಪ್ಪನವರು ಟೀವಿಯಿಂದ ಕಣ್ಣು ತೆಗೆಯದೆ, "ಅಕ್ಕಾರ, ಇವು ಮೋಸ ಮಾಡಾವನ ಕಣ್ಣಲ್ರಿ. ಇನ್ನೊಂದ್ಸಲ ನೋಡ್ರಿ," ಎಂದರು.

"ನಿಮಗ ಇಂಗ್ಲಿಷ್ ಬರ್ತೈತೇನ್ರಿ?" ಎಂದೆ.

ಅವರು ತಲೆಯಾಡಿಸಿ, ನಾನು ಹೇಳಿದ್ದನ್ನೇ ಬಾಯಿಪಾಠ ಮಾಡತೊಡಗಿದರು. ಈ ಮನುಷ್ಯನಿಗೆ ನನ್ನ ಬಂಡವಾಳ ಗೊತ್ತಾಯಿತೇ? ಅಂದಿನಿಂದ ಅವರ ನಗೆ, ಕೆಮ್ಮು, ಮೌನ — ಎಲ್ಲವನ್ನೂ ತೂಗಿ ನೋಡತೊಡಗಿದೆ. ಅವರು ನನ್ನ ಗಂಡನೊಡನೆ ಚಹಾ ಕುಡಿಯುತ್ತ ನಿಂತರೆ, ಮಾತು ನನ್ನ ಬಗ್ಗೆಯೇ ಎಂದುಕೊಂಡು ಬಾಗಿಲ ಹಿಂದೆ ನಿಂತು ಕೇಳಿದ್ದೇನೆ. ಅವರು ಮಾತಾಡುತ್ತಿದ್ದದ್ದು ಮಳೆ ಬೆಳೆಯ ಬಗ್ಗೆ.

ನಾಲ್ಕು ಕಂತು ಕಳೆಯುವುದರಲ್ಲಿ ಆ "ಮೋಸಗಾರ" ಮಿಂಚಣ್ಣನಿಗೆ ಅಡ್ಡ ನಿಂತು ತಾನೇ ಏಟು ತಿಂದ. ಪಶ್ಚಾತ್ತಾಪವಾಯಿತು ಎಂದು ತೇಪೆ ಹಚ್ಚಿದೆ. ಮುಂದಿನ ಕಂತಿನಲ್ಲಿ ಆ ತೇಪೆಯೂ ಹರಿಯಿತು. ಕಂತು ಮುಗಿದು ದುರುಗಪ್ಪನವರ ಕೈಯಲ್ಲಿ ಮೈಕು ಇನ್ನೂ ಇದ್ದಾಗಲೇ ನೋಡುವವರು ಕೇಬಲ್ ಆಫೀಸಿಗೇ ಬಂದರು. ಮುಂದೆ ನಿಂತವರು ಪಕ್ಕದ ಹೋಟೆಲಿನವರು.

"ಮೊದ್ಲಿನ ಎರಡು ಭಾಗ ಎಷ್ಟ್ ಚಲೋ ಇದ್ವು! ಈಗ ತಲಿ ಇಲ್ಲ, ಬುಡ ಇಲ್ಲ. ಕಾರ್ಟೂನು ಕೆಟ್ಟೈತೋ, ಹೇಳಾವ್ರು ಕೆಟ್ಟಾರೋ?"

ಕಾರ್ಟೂನು ಕೆಟ್ಟಿದೆ ಎಂದು ನಾನು ಹೇಳಿದ್ದರೂ ಸಾಕಿತ್ತು. ತಪ್ಪು ದೂರದ ಯಾರೋ ಚಿತ್ರ ಬಿಡಿಸಿದವರ ಮೇಲೆ ಹೋಗುತ್ತಿತ್ತು. ಆದರೆ ಗಂಡ ನನ್ನ ಮುಖ ನೋಡಿದರು, ಮತ್ತು ನಾನು —

"ನಾ ಹೇಳಿಕೊಟ್ಟಿದ್ದು ಹಿಂಗಲ್ಲ. ಅವರು ಮರ್ತಾರ."

ದುರುಗಪ್ಪನವರು ಈಗ ನನ್ನ ಮರ್ಯಾದೆ ತೆಗೆಯುತ್ತಾರೆ ಎಂದು ಕಾದೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. "ಅಕ್ಕಾರು ಯಾಕ ಸುಳ್ಳು ಹೇಳ್ತಾರ್ರಿ? ನನಗ ಮರವು ಹತ್ತಿರಬೇಕು," ಎಂದು ಮೈಕು ಕೆಳಗಿಟ್ಟು ಹೋದರು. ಮತ್ತೆ ಬರಲಿಲ್ಲ. ಆ ವರ್ಷ ಚಿಗಟೇರಿಯ ಆಟದಲ್ಲಿ ಪಾತ್ರ ಕೊಟ್ಟರೂ ಒಲ್ಲೆನೆಂದರಂತೆ — ನಡುರಂಗದಲ್ಲಿ ಮಾತು ಮರೆತರೆ ಮಾನ ಹೋಗುತ್ತದೆ ಎಂದು. ಈ ಸುದ್ದಿ ಕೇಳಿ ನನಗಾದದ್ದು ದುಃಖವಲ್ಲ, ನೆಮ್ಮದಿ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ ಅದೇ.

ಹೋದ ತಿಂಗಳು ಮಗಳು ಅದೇ ಕಾರ್ಟೂನಿನ ಡಿವಿಡಿ ತಂದಳು. ಅದರಲ್ಲಿ ಮಾತೆಲ್ಲ ಕೆಳಗೆ ಅಚ್ಚಾಗಿ ಬರುತ್ತದೆ. ನಿಘಂಟು ತೊಡೆಯ ಮೇಲಿಟ್ಟುಕೊಂಡು ಮೂರನೆಯ ಭಾಗವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮೊದಲಿನ ಎರಡಕ್ಕಿಂತ ಇದೇ ಮೇಲು. ಗೆಳೆಯ ಹೋದದ್ದು ಗುಟ್ಟು ತಿಳಿದು ಬರಲು. ಮಿಂಚಣ್ಣನೇ ತನ್ನನ್ನು ನಂಬಲಾರ ಎಂದು ಗೊತ್ತಿದ್ದೂ ಹೋದ. ದುರುಗಪ್ಪನವರು ಬರೀ ಕಣ್ಣು ನೋಡಿ ಹೇಳಿದ್ದರು.

ಮೊನ್ನೆ ಸೋಮವಾರ ಚಿಗಟೇರಿಗೆ ಹೋದೆ. ಪಡಸಾಲೆಯಲ್ಲಿ ಗಂಡ ಹೆಂಡತಿ ಶೇಂಗಾ ಬಿಡಿಸುತ್ತಿದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. "ಹೋಗ್ಲಿ ಬಿಡ್ರಿ" ಎಂದು ನನ್ನನ್ನು ಸಾಗಹಾಕುತ್ತಾರೆ ಎಂದು ಅಲ್ಲಿಯೂ ಅನುಮಾನ ಪಟ್ಟೆ. ಅವರು ಹಾಗೆನ್ನಲಿಲ್ಲ.

"ಹಂಗಾರ ಅವತ್ತು ನನಗ ನೆಟ್ಟಗ ನೆನಪಿತ್ತೇನ್ರಿ?"

"ಇತ್ತು."

"ಒಂದಕ್ಷರಾನೂ ತಪ್ಪಿರ್ಲಿಲ್ಲ?"

"ಇಲ್ಲ."

ಅವರು ಹೆಂಡತಿಯ ಕಡೆ ತಿರುಗಿದರು. "ಕೇಳಿದ್ಯಾ? ಎಂಟು ವರ್ಷ ಬಣ್ಣ ಹಚ್ಚಲಿಲ್ಲ ನಾನು."

ಆಕೆ ಶೇಂಗಾ ಬಿಡಿಸುವುದನ್ನು ನಿಲ್ಲಿಸಿದರು. ನಾನು ಅಲ್ಲೇ ನಿಂತಿದ್ದೆ. ಕೂಡ್ರಿ ಎಂದು ಯಾರೂ ಅನ್ನಲಿಲ್ಲ.