ಕೆಮ್ಮಲು ಕಲಿಸಿದ ಹಮೀದಾ ಮೇಡಂ

ಆಪರೇಷನ್ ಮಾಡಿದ ವೈದ್ಯರನ್ನು ಊರೆಲ್ಲ ನೆನೆಯುತ್ತದೆ. ಆ ಬಳಿಕ ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸಿದವರನ್ನು ಯಾರೂ ನೆನೆಯುವುದಿಲ್ಲ. ಹಾಗೆ ಎಬ್ಬಿಸುವುದನ್ನೇ ಮೂವತ್ತಾರು ವರ್ಷಗಳ ಕಾಯಕ ಮಾಡಿಕೊಂಡು, ಗೌರಿಬಿದನೂರಿನಲ್ಲಿ ಸೇವೆಗೆ ಸೇರಿ, ಚಿಂತಾಮಣಿಯಲ್ಲಿ ಹಿರಿಯ ಶುಶ್ರೂಷಾಧಿಕಾರಿಯಾಗಿ ಈಗ ನಿವೃತ್ತರಾಗುತ್ತಿರುವ ಶ್ರೀಮತಿ ಹಮೀದಾ ಬೇಗಂ ಅವರು ನನ್ನ ಗುರುಗಳು. ಅವರಿಂದ ಬೈಸಿಕೊಳ್ಳದೆ ಕೆಲಸ ಕಲಿತ ನರ್ಸ್ ಈ ಜಿಲ್ಲೆಯಲ್ಲಿದ್ದರೆ ತೋರಿಸಿ, ನೋಡೋಣ!

ನಾನು ಬೈಸಿಕೊಂಡ ಒಂದು ದಿನವನ್ನು ಹೇಳಲೇಬೇಕು. ಎರಡು ವರ್ಷಗಳ ಹಿಂದೆ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ ನನ್ನ ತಾಯಿ ಕೊಂಡಮ್ಮನಿಗೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ, ಎಡ ಶ್ವಾಸಕೋಶದ ಅರ್ಧಭಾಗ ತೆಗೆದರು. ಆಳವಾಗಿ ಉಸಿರೆಳೆಸಿ, ಕೆಮ್ಮಿಸಿ, ನಡೆಸಿ ಎಂದು ಅಲ್ಲಿ ಬರೆದುಕೊಟ್ಟ ಚೀಟಿ ನನ್ನ ಪರ್ಸಿನಲ್ಲೇ ಉಳಿಯಿತು. ಮನೆಗೆ ಕರೆತಂದ ಮೇಲೆ, ಕೆಮ್ಮಿದಾಗಲೆಲ್ಲ ಅಮ್ಮ ನೋವಿಗೆ ಚೀರುತ್ತಿದ್ದಳು. ದೊಡ್ಡಮ್ಮ ಓಬಳಮ್ಮ, ಬಾಣಂತಿಯ ಹೊಟ್ಟೆಗೆ ಕಟ್ಟುವ ಹಾಗೆ, ಹಳೆಯ ನೂಲಿನ ಸೀರೆಯನ್ನು ಅವಳ ಎದೆಗೆ ಬಿಗಿಯಾಗಿ ಸುತ್ತಿದರು. “ಕೆಮ್ಮಬ್ಯಾಡ ಕಣೇ, ಹೊಲಿಗೆ ಬಿಟ್ಕಂತದೆ,” ಎಂದರು. ಗಂಟು ಹಾಕಿದವಳು, ನರ್ಸಾಗಿ ಹದಿನಾಲ್ಕು ವರ್ಷ ಸರ್ವೀಸಾದ ನಾನೇ. ಅಮ್ಮನ ಕಣ್ಣೀರಿನ ಮುಂದೆ ಕಲಿತದ್ದೆಲ್ಲ ಮರೆತುಹೋಗಿತ್ತು.

ನಾಲ್ಕನೆಯ ದಿನ ಜ್ವರ ಬಂತು, ಏದುಸಿರು ಹತ್ತಿತು. ಗಾಬರಿಯಿಂದ ಮೇಡಂಗೆ ಫೋನ್ ಮಾಡಿದೆ. ಚಿಂತಾಮಣಿಗೆ ಆಂಬ್ಯುಲೆನ್ಸ್ ತಲುಪುವಾಗ ಮೇಡಂ ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದರು.

“ಇದ್ಯಾರು ಕಟ್ಟಿದ್ದು ಪವಿತ್ರ? ಉಸಿರಾಡಕ್ಕೆ ಜಾಗ ಎಲ್ಲಮ್ಮ ಬಿಟ್ಟಿದ್ದೀಯ?”

ಎಲ್ಲರೆದುರಿಗೇ ಬೈದರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಕಫ ಕಟ್ಟಿ ನ್ಯುಮೋನಿಯಾ ಆಗಿತ್ತು. ವೈದ್ಯರು ಆಕ್ಸಿಜನ್, ಔಷಧಿ ಶುರು ಮಾಡಿ, ಎರಡು ದಿನ ಕಳೆಯದೆ ಏನೂ ಹೇಳಲಾಗದು ಎಂದರು.

ಮೇಡಂ ಅದೇ ಸೀರೆಯನ್ನು ದಿಂಬಿನಂತೆ ಮಡಿಸಿ ಅಮ್ಮನ ಎದೆಗಿಟ್ಟರು. “ಇದನ್ನ ಗಟ್ಟಿಯಾಗಿ ತಬ್ಕೊಂಡು ಕೆಮ್ಮು ಕೊಂಡಮ್ಮ. ಹೊಲಿಗೆ ಹಂಗೆಲ್ಲ ಬಿಡಲ್ಲ. ಕಫ ನಿಂತ್ರೆ ಮಾತ್ರ ನೀನು ಉಳಿಯಲ್ಲ.”

“ಆಗಲ್ಲ ಹಮೀದಮ್ಮ, ಸತ್ತೋಗ್ತೀನಿ.”

“ಸಾಯಕ್ಕೆ ನಾನು ಬಿಟ್ರೆ ತಾನೆ? ಕೆಮ್ಮು!”

ಗಂಟೆಗೊಮ್ಮೆ ಹತ್ತು ಆಳವಾದ ಉಸಿರು, ಎರಡು ಕೆಮ್ಮು. ಮೂರನೆಯ ದಿನ ಜ್ವರ ಇಳಿದಾಗ ವರಾಂಡದ ತುದಿಯವರೆಗೆ ನಡಿಗೆ. ಅಮ್ಮ ಅತ್ತಳು, ಮೇಡಂ ಅವರನ್ನು ಬಾಯಿಗೆ ಬಂದಂತೆ ಬೈದಳು, ನಡೆದಳು.

ಮೇಡಂ, ತಾವು ಆಯುರಾರೋಗ್ಯದಿಂದ ನೂರ್ಕಾಲ ಬಾಳಿ, ನಮ್ಮನ್ನು ಹೀಗೆಯೇ ಬೈಯುತ್ತಿರಬೇಕು. ತಮ್ಮ ಸನ್ಮಾನದ ಸಭೆ ಎರಡನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ ಎಂದು ಅಮ್ಮನಿಗೆ ಹೇಳಿದೆ. “ಹತ್ತುತೀನಿ ಬಿಡೇ,” ಎಂದಳು. ಆ ಸೀರೆಯನ್ನು ಕತ್ತರಿಸಿ, ವಾರ್ಡಿನವರು ತಬ್ಬಿಕೊಂಡು ಕೆಮ್ಮಲೆಂದು ಆರು ಪುಟ್ಟ ದಿಂಬು ಹೊಲಿದಿದ್ದಾಳೆ. ಮೇಡಂ ರಿಟೈರಾದರಲ್ಲ, ಇನ್ನು ಯಾರು ಕೆಮ್ಮಿಸುತ್ತಾರೆ ಎಂದು ಕೇಳಿದೆ.

“ಅವ್ರು ಮನೇಲಿ ಕೂರಕ್ಕೆ ನಾನು ಬಿಟ್ರೆ ತಾನೆ?” ಎಂದಳು.