ವೀರಪ್ಪನ ಬೆನ್ನಿಗೆ ಒಂದೂವರೆ ಇಂಚು

ಚಿತ್ರ ಬರೆಯಲು ಕಲಿಯಬೇಕೆಂದು ಹೊರಟವನು ನಾನು. ಕಲಿತದ್ದು ಹಜರತಅಲಿ ಕಾಕಾ. ಹುಕ್ಕೇರಿ ಬಜಾರದ ರೆಡಿಮೇಡ್ ಅಂಗಡಿಯಲ್ಲಿ ಶರ್ಟು ಬಿಚ್ಚಿ ತೋರಿಸಿ, ಗಿರಾಕಿ ಹೋದ ಮೇಲೆ ಮತ್ತೆ ಮಡಿಸಿಡುವುದು ನನ್ನ ಕೆಲಸ. ಮೊಬೈಲಿನಲ್ಲಿ ಪಾಠ ನೋಡಿ ದಪ್ಪನೆಯ ಡ್ರಾಯಿಂಗ್ ಪುಸ್ತಕ ಕೊಂಡೆ. ಒಂದೇ ಉಸಿರಿಗೆ ಒಂದು ಗೆರೆ, ದಿನಕ್ಕೆ ನೂರು. ಆಮೇಲೆ ಒಂದು ನಿಮಿಷದಲ್ಲಿ ಒಬ್ಬ ಮನುಷ್ಯ. ಕಣ್ಣು ಮೂಗು ಬೇಡ, ನಿಂತ ಭಂಗಿ ಸಾಕು. ಮೂರು ದಿನ ಎಳೆದೆ. ನಾಲ್ಕನೆಯ ದಿನದಿಂದ ಪುಸ್ತಕದ ಮೇಲೆ ಬುತ್ತಿಡಬ್ಬಿ ಇಟ್ಟು ಊಟ ಮಾಡತೊಡಗಿದೆ.

ಎದುರಿಗೇ ಕಾಕಾನ ಹೊಲಿಗೆ ಅಂಗಡಿ. ವಯಸ್ಸು ಅರವತ್ತೇಳು. ನಮ್ಮ ಅಂಗಡಿ ಬಂದ ಮೇಲೆ ಅವರಿಗೆ ಉಳಿದದ್ದು ನೆಹರೂ ಶರ್ಟಿನ ಹಳೆಯ ಗಿರಾಕಿಗಳು, ಮತ್ತು ಬಿಡುವು. ನನ್ನ ಪಗಾರ ಆ ಬಿಡುವಿನಿಂದಲೇ ಬರುತ್ತದೆಂದು ಗೊತ್ತಿದ್ದೂ ಅವರ ಚಹಾ ಕುಡಿಯುತ್ತೇನೆ.

"ಗೆರಿ ಎಳ್ಯಾಕ ಮೊಬೈಲ್ ಬೇಕೇನೋ? ನಲವತ್ತ ವರ್ಷ ನಾ ಮಾಡಿದ್ದ ಅದ" ಎಂದು ನಕ್ಕರು. ನಕ್ಕವರು ಪಾಠ ಪೂರ್ತಿ ನೋಡಿದರು. ಕಪ್ಪು ಅಸ್ತರದ ಬಟ್ಟೆಯನ್ನು ಮೇಜಿಗೆ ಹಾಸಿ, ಗುರುತು ಹಾಕುವ ಸೀಮೆಸುಣ್ಣದಿಂದಲೇ ಶುರುಮಾಡಿದರು. ಗೆರೆ ಮೊದಲ ದಿನವೇ ನೆಟ್ಟಗೆ ಬಂತು. ಮನುಷ್ಯರು ಬರಲಿಲ್ಲ. ಚಹಾದಂಗಡಿಯ ಮುಂದೆ ನಿಂತವರೆಲ್ಲ ಗೂಟಕ್ಕೆ ತೂಗುಹಾಕಿದ ಅಂಗಿಗಳಾದರು.

"ಕಾಕಾ, ಎಲ್ಲಾರೂ ಸಿಪಾಯಿಗೋಳು ಏನ್ರಿ?"

"ಅಳತಿ ಕೊಡುವಾಗ ಮಂದಿ ಹಿಂಗ ನಿಂದ್ರತಾರಪಾ, ಉಸರು ಹಿಡದು. ನಾ ನೋಡಿದ್ದ ಅಷ್ಟ."

ದಿನಾ ಬರೆದರು, ಒರೆಸಿದರು. ಎರಡು ತಿಂಗಳಿಗೆ ಅಂಗಿಗಳೊಳಗೆ ಮಂದಿ ಬಂದರು.

ಶ್ರಾವಣದಲ್ಲಿ ಕಣಗಲಾ ಊರಿನ ವೀರಪ್ಪ ಬಂದರು, ಮೂವತ್ತು ವರ್ಷದ ಗಿರಾಕಿ. ಹೊಸ ಬಟ್ಟೆಯನ್ನು ಮೇಜಿಗೆ ಎಸೆದು, ತೊಟ್ಟ ಅಂಗಿಯ ಹಿಂದಿನ ಅಂಚು ಜಗ್ಗಿಕೊಂಡರು.

"ಹಜರತ ಭಾಯಿ, ನಿನ್ನ ಕೈ ಹೋತು ನೋಡ. ಮುಂದ ಜೋತ ಬೀಳತೈತಿ, ಹಿಂದ ಮ್ಯಾಲ ಏರತೈತಿ. ಇದೂ ಹಂಗ ಆತಂದ್ರ ಈ ಹುಡುಗನ ಅಂಗಡಿಗೆ ಹೋಗಾಂವ ನಾ."

ಮಾಲಕ ಕಲಿಸಿದ ನಗೆ ನನ್ನ ಮುಖಕ್ಕೆ ತಾನಾಗಿಯೇ ಬಂತು. ಕಾಕಾ ನಗಲಿಲ್ಲ. ಟೇಪು ಹಿಡಿದರು. ವೀರಪ್ಪ ಎದೆ ಸೆಟೆಸಿ ನಿಂತರು. ಕಾಕಾನ ಅಳತೆಪುಸ್ತಕದಲ್ಲಿದ್ದ ಹಳೆಯ ಅಳತೆಯೇ ಬಂತು.

"ಎದರಿಗಿ ಹೋಗಿ ಮೂರ ಚಹಾ ಹೇಳಿ ಬಾ" ಎಂದರು ಕಾಕಾ.

"ಗಿರಾಕೀನ ದುಡಸ್ತೀಯಲ್ಲೋ" ಎನ್ನುತ್ತ ವೀರಪ್ಪ ಹೊರಟರು. ಕಾಕಾ ಅವರನ್ನೇ ನೋಡುತ್ತ ಕಪ್ಪು ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆದರು. ಕುತ್ತಿಗೆಯಿಂದ ಸೊಂಟದವರೆಗೆ ಒಂದೇ ಗೆರೆ, ಕುಡುಗೋಲಿನಂತೆ ಬಾಗಿದ್ದು.

"ಗೂನ ಬಂದೈತಲ್ರಿ!"

"ಬಾಯಿ ಮುಚ್ಚ. ಅಂವಗ ಹೇಳಬ್ಯಾಡ." ಅಂಗೈಯಿಂದ ಒರೆಸಿಬಿಟ್ಟರು.

ಮರುದಿನ ಹಿಂಭಾಗಕ್ಕೆ ಒಂದೂವರೆ ಇಂಚು ಕೂಡಿಸಿ, ಮುಂಭಾಗದಲ್ಲಿ ಅರ್ಧ ಇಂಚು ಕಡಿಮೆ ಮಾಡಿ ಗುರುತು ಹಾಕಿದರು. ಕತ್ತರಿ ಎತ್ತಿ ತುಸು ಹೊತ್ತು ಹಾಗೇ ನಿಂತರು. ಕತ್ತರಿಸಿದ್ದನ್ನು ಒರೆಸಲು ಬರುವುದಿಲ್ಲ.

ಎಂಟು ದಿನಕ್ಕೆ ವೀರಪ್ಪ ಹೊಸ ಅಂಗಿ ತೊಟ್ಟು ಕನ್ನಡಿಯ ಮುಂದೆ ಸೆಟೆದು ನಿಂತು, ಕತ್ತು ತಿರುಗಿಸಿ ಹಿಂದೆ ನೋಡಿದರು. "ಇದೇನೋ, ಬಾಲ ಇಟ್ಟೀಯಲ್ಲೋ!"

"ಮದಲ ಚಹಾ ಹೇಳಿ ಬಾ."

ಗೊಣಗುತ್ತ ರಸ್ತೆ ದಾಟಿದರು. ದಾಟುವಾಗ ಬೆನ್ನು ತನ್ನ ಗೆರೆಗೆ ಮರಳಿತು. ಅಂಗಿಯ ಅಂಚು ಸುತ್ತಲೂ ಸಮನಾಯಿತು. ಚಹಾದವನೊಡನೆ ಹರಟಿದರು, ಬಾಗಿ ಲೋಟ ಎತ್ತಿದರು. ಕೈ ಒಮ್ಮೆಯೂ ಹಿಂದಕ್ಕೆ ಹೋಗಲಿಲ್ಲ.

"ಇರಲಿ ಬಿಡ" ಎಂದರು ಮರಳಿ ಬಂದು. "ದೀಪಾವಳಿಗೆ ಇನ್ನೊಂದ ಬಟ್ಟಿ ತರ್ತೀನಿ. ಅಳತಿ ಐತಲ್ಲ?"

"ಐತಿ" ಎಂದರು ಕಾಕಾ.