ಯಂತ್ರದ ಕಿವಿ ಕಾಯುವವರು

ಹೊಸಪೇಟೆಯ ಅದಿರು ಪರೀಕ್ಷೆಯ ಲ್ಯಾಬಿನಲ್ಲಿ, ಅದಿರಿನಲ್ಲಿ ಯಾವ ಧಾತು ಎಷ್ಟಿದೆ ಎಂದು ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ನೋಡಿಕೊಳ್ಳುವ ಉಜ್ಜಿನಪ್ಪನವರ ಜೀವವೆಲ್ಲ ಇರುವುದು ಆ ಯಂತ್ರದ ಹೊಟ್ಟೆಯೊಳಗಿನ ಎಲೆಕ್ಟ್ರಾನ್ ಮಲ್ಟಿಪ್ಲೈಯರಿನಲ್ಲಿ. ಕಣ್ಣಿಗೆ ಕಾಣದ ಒಂದೇ ಒಂದು ಕಣ ಬಂದು ತಾಗಿದರೂ ಸಾಕು, ಆ ಪುಟ್ಟ ಡಿಟೆಕ್ಟರು ಅದನ್ನು ಲಕ್ಷಗಟ್ಟಲೆ ಎಲೆಕ್ಟ್ರಾನುಗಳ ಸುದ್ದಿಯಾಗಿ ಬೆಳೆಸಿ ಹೇಳುತ್ತದೆ. ಉಜ್ಜಿನಪ್ಪನವರು ಅದನ್ನು ಕರೆಯುವುದು ‘ಕಿವಿ’ ಎಂದು. ಸಂಡೂರಿನ ಲಾರಿಗಳ ಧೂಳು ಊರಿನ ಇಡ್ಲಿಗೂ ಕೆಂಪು ಬಳಿದಿರುವಾಗ ಅವರ ಕೋಣೆಯ ನೆಲ ಮಾತ್ರ ಹಾಲಿನ ಹಾಗಿದೆ. ಗಣಿಯ ಧಣಿಯೇ ಬಂದರೂ ಹೊರಗೆ ಕಾಲು ತೊಳೆದೇ ಒಳಗೆ ಬರಬೇಕು. ಬಂದರಿನಲ್ಲಿ ಅದಿರಿನ ಹಡಗು ಹೊರಡುವ ಅವಸರದಲ್ಲಿರುವ ರಫ್ತು ಏಜೆಂಟರು, “ಸುಮ್ನ ಹಂಗ ಹಾಕ್ರಿ ಸರ್, ಜಲ್ದಿ ಆಗ್ತೈತಿ” ಎಂದು ಕುತ್ತಿಗೆಯ ಮೇಲೆ ಕೂತರೂ, ಇವರು ಆಸಿಡ್ಡಿನಲ್ಲಿ ಕರಗಿಸಿದ ಅದಿರಿಗೆ ನೀರು ಬೆರೆಸಿ, ಮತ್ತೆ ಬೆರೆಸಿ, ತೆಳ್ಳಗೆ ಮಾಡಿಯೇ ಯಂತ್ರಕ್ಕೆ ಕೊಡುತ್ತಾರೆ. “ಬ್ಯಾಡ್ರಿ, ಗಟ್ಟಿ ಇದ್ದದ್ದು ಹಾಕಿದ್ರ ಕಿವ್ಯಾಗ ಒದರಿದಂಗ, ಕಿವುಡಾಗಿಬಿಡ್ತೈತಿ.” ಬೇರೆ ಲ್ಯಾಬಿನವರು ಹೊಸ ಡಿಟೆಕ್ಟರಿಗೆ ಆರ್ಡರ್ ಹಾಕುತ್ತಲೇ ಇರುವಾಗ ಇವರದು ಇನ್ನೂ ಪಿಸುಮಾತು ಹಿಡಿಯುತ್ತದೆ. ಪಕ್ಕದಲ್ಲೇ ಕೆಲಸ ಮಾಡುವ ಸೌಜನ್ಯ ಇದಕ್ಕೆಲ್ಲ ಉಜ್ಜಿನಪ್ಪನವರ ಮಡಿ ಎಂದು ಹೆಸರಿಟ್ಟು ನಗುತ್ತಿದ್ದಳು. ಒಂದು ಮಧ್ಯಾಹ್ನ ಅವರ ಎಡಕ್ಕೆ ನಿಂತು ಎಷ್ಟು ಕರೆದರೂ ಅವರು ತಿರುಗಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿ ನೋಡಿ, “ಆ ಕಿವಿ ಇಲ್ಲವ್ವಾ, ವಯಸ್ಸಿನ್ಯಾಗ ಯಶವಂತನಗರದ ಗಣಿಯಾಗಿದ್ದೆ, ಒಂದು ಬ್ಲಾಸ್ಟಿಂಗಿಗೆ ಹೋತು” ಎಂದವರೇ ಬಲಗಿವಿಯನ್ನು ಅವಳತ್ತ ಮಾಡಿದರು. “ಈಗ ಹೇಳು. ಮೆಲ್ಲಗ ಹೇಳಿದ್ರ ಸಾಕು.”